ಆಳಂದಿಯಿಂದ ಪಂಢರಪುರಕ್ಕೆ: ದಿಂಡಿಯ ಸಾಲಿನಲ್ಲಿ ಹದಿನೆಂಟು ದಿನ

ಆಷಾಢ ಏಕಾದಶಿಗೆ ಮಹಾರಾಷ್ಟ್ರದ ಪಂಢರಪುರ ಮುಟ್ಟಲು ಸಂತ ಜ್ಞಾನೇಶ್ವರ ಮಹಾರಾಜರ ಪಾಲಖಿಯ (ಪಲ್ಲಕ್ಕಿಯ) ಜೊತೆ ಲಕ್ಷಗಟ್ಟಲೆ ಜನ ನಡೆಯುತ್ತಾರೆ. ಈ ನಡಿಗೆಯೇ ವಾರಿ, ನಡೆಯುವವರು ವಾರಕರಿಗಳು. ಅವರಲ್ಲಿ ಎರಡು ಬಗೆ. ರಸ್ತೆಯ ಅಂಚಿನಲ್ಲಿ ತಮ್ಮ ಪಾಡಿಗೆ ನಡೆದು, ಸಿಕ್ಕಲ್ಲಿ ಉಂಡು, ಸಿಕ್ಕಲ್ಲಿ ಮಲಗುವವರು ಒಂದು ಬಗೆ. ದಿಂಡಿಗೆ (ಒಟ್ಟಾಗಿ ನಡೆಯುವ ಭಜನೆಯ ತಂಡಕ್ಕೆ) ಸೇರಿ, ಸಾಲು ಬಿಡದೆ, ಆಯಾ ಹೊತ್ತಿನ ಅಭಂಗ (ಮರಾಠಿ ಭಕ್ತಿಪದ) ಹಾಡುತ್ತ ನಡೆಯುವವರು ಇನ್ನೊಂದು ಬಗೆ. ಮೊದಲ ಬಾರಿಗೆ ಹೋಗುವವರು ಎರಡನೆಯವರ ಜೊತೆ ಸೇರಬೇಕು. ವಿಠೋಬನ ಪಾದದರ್ಶನ ಕೊನೆಗೆ ಆದೀತು, ಆಗದೆಯೂ ಹೋದೀತು. ಮನಸ್ಸು ಪಳಗುವುದು ದಿಂಡಿಯ ಶಿಸ್ತಿನಲ್ಲಿ, ಹದಿನೆಂಟು ದಿನ ಇನ್ನೊಬ್ಬರ ಹೆಜ್ಜೆಗೆ ಹೆಜ್ಜೆ ಸೇರಿಸುವುದರಲ್ಲಿ.

ದಾರಿ ಸುಮಾರು 250 ಕಿ.ಮೀ. ಜ್ಯೇಷ್ಠ ಬಹುಳ ಅಷ್ಟಮಿಗೆ ಆಳಂದಿಯ ಸಮಾಧಿ ಮಂದಿರದಿಂದ ಹೊರಟ ಪಾಲಖಿ ಆಷಾಢ ಶುದ್ಧ ದಶಮಿಗೆ ಪಂಢರಪುರ ಸೇರುತ್ತದೆ. ಮಹಾರಾಷ್ಟ್ರದ ಪಂಚಾಂಗವೂ ನಮ್ಮದೂ ಅಮಾವಾಸ್ಯೆಗೆ ಮಾಸ ಮುಗಿಸುವಂಥವು, ಹಾಗಾಗಿ ತಿಥಿಯ ಲೆಕ್ಕ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಸಿಗುತ್ತದೆ. ತಿಥಿ ಕ್ಷಯವಾದರೆ ಒಂದು ದಿನ ಕಡಿಮೆ, ವೃದ್ಧಿಯಾದರೆ ಒಂದು ದಿನ ಹೆಚ್ಚು. ಆ ಹೆಚ್ಚುಕಡಿಮೆಯನ್ನು ಸಾಮಾನ್ಯವಾಗಿ ಲೋಣಂದ ಅಥವಾ ಫಲಟಣದ ಮುಕ್ಕಾಮಿನಲ್ಲಿ ಸರಿದೂಗಿಸುತ್ತಾರೆ. ಕೆಳಗಿನ ದಿನಗಳ ಲೆಕ್ಕ ಲೋಣಂದದಲ್ಲಿ ಎರಡು ರಾತ್ರಿ ತಂಗುವ ವರ್ಷದ್ದು. ಹೊರಡುವ ಮೊದಲು ಆ ವರ್ಷದ ಮುಕ್ಕಾಮಿನ ಪಟ್ಟಿ ನೋಡಿಕೊಳ್ಳಲೇಬೇಕು.

ಹೊರಡುವ ಮೊದಲು

ದಿಂಡಿಗೆ ಹೆಸರು ಹಚ್ಚುವ ಕೆಲಸ ಯುಗಾದಿಯ ಹೊತ್ತಿಗೇ ಮುಗಿಯಬೇಕು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಕಡೆಯ ಹಳ್ಳಿಗಳಿಂದಲೂ ದಿಂಡಿಗಳು ಹೊರಡುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ತಮ್ಮೂರಿನಿಂದ ನೇರವಾಗಿ ಪಂಢರಪುರಕ್ಕೆ ನಡೆಯುವಂಥವು. ಆಳಂದಿಯಿಂದ ಪಾಲಖಿಯ ಜೊತೆ ಹೋಗುವ ದಿಂಡಿಯೇ ಬೇಕೆಂದರೆ ಕೇಳಿ ಖಚಿತ ಮಾಡಿಕೊಳ್ಳಬೇಕು. ದಿಂಡಿಗೊಂದು ವಂತಿಗೆ ಇರುತ್ತದೆ. ಎರಡು ಹೊತ್ತಿನ ಊಟ, ಚಹಾ, ಡೇರೆ, ಸಾಮಾನಿನ ಲಾರಿ ಎಲ್ಲ ಅದರಲ್ಲಿ ಸೇರಿದೆಯೇ, ಪಂಢರಪುರದಲ್ಲಿ ಉಳಿದುಕೊಳ್ಳುವ ಜಾಗವೂ ಸೇರಿದೆಯೇ ಎಂದು ಮೊದಲೇ ವಿಚಾರಿಸಿ. ಏಕಾದಶಿಯ ರಾತ್ರಿ ಊರಲ್ಲಿ ಕಾಲು ಚಾಚಲು ಜಾಗ ಹುಡುಕುವ ಕಷ್ಟ ಬೇಡ.

ನಡಿಗೆಯ ಅಭ್ಯಾಸ ಆರು ವಾರ ಮುಂಚೆ ಶುರುವಾಗಬೇಕು. ವಾರಕ್ಕೆ ಮೂರು ದಿನ, 6 ಕಿ.ಮೀ.ಯಿಂದ ಆರಂಭಿಸಿ 18 ಕಿ.ಮೀ.ವರೆಗೆ, ಡಾಂಬರು ರಸ್ತೆಯಲ್ಲಿಯೇ. ಯಾವ ಚಪ್ಪಲಿಯಲ್ಲಿ ವಾರಿ ಮಾಡುತ್ತೀರೋ ಅದೇ ಚಪ್ಪಲಿಯಲ್ಲಿ ಅಭ್ಯಾಸ. ಹೊಸ ಬೂಟು ಹಾಕಿಕೊಂಡು ಆಳಂದಿಗೆ ಬಂದವರ ಕಾಲು ಪುಣೆ ಮುಟ್ಟುವಷ್ಟರಲ್ಲೇ ಬೊಬ್ಬೆ ಎದ್ದಿರುತ್ತದೆ. ಮಳೆಗಾಲದ ದಾರಿಯಾದ್ದರಿಂದ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಒಳ್ಳೆಯದು: ನೀರು ನಿಲ್ಲುವುದಿಲ್ಲ, ಬೇಗ ಒಣಗುತ್ತದೆ. ಒದ್ದೆ ಕಾಲುಚೀಲದೊಳಗೆ ಚರ್ಮ ಮೆತ್ತಗಾಗಿ ಸುಲಿಯುತ್ತದೆ. ಬರಿಗಾಲಿನ ಹರಕೆಯನ್ನು ಮೊದಲ ವರ್ಷವೇ ಹೊರುವುದು ಬೇಡ.

ದೊಡ್ಡ ಚೀಲ ಲಾರಿಗೆ, ಹೆಗಲಿಗೆ ಜೋಳಿಗೆ ಮಾತ್ರ. ಜೋಳಿಗೆ ಎರಡು ಕಿಲೋ ದಾಟಬಾರದು. ಅದರಲ್ಲಿ ನೀರಿನ ಬಾಟಲಿ, ತಾಳ, ಪ್ಲಾಸ್ಟಿಕ್ ಹೊದಿಕೆ, ಓಆರ್‌ಎಸ್ ಪೊಟ್ಟಣ ನಾಲ್ಕು, ಹತ್ತಿ, ಟೇಪು, ಸೂಜಿ, ದಿನದ ಮಾತ್ರೆ, ಸ್ವಲ್ಪ ಶೇಂಗಾ, ಬೆಲ್ಲ. ದಿಂಡಿಯ ಸಂಖ್ಯೆ, ಅದು ಪಾಲಖಿ ಹೊತ್ತ ರಥದ ಮುಂದೋ ಹಿಂದೋ, ಲಾರಿಯ ನಂಬರು, ದಿಂಡಿಯ ಮುಖ್ಯಸ್ಥರ ಫೋನ್ ನಂಬರು ಇವನ್ನು ಕಾಗದದಲ್ಲಿ ಬರೆದು ಅಂಗಿಯ ಜೇಬಿನಲ್ಲಿಡಿ. ಸಂಖ್ಯೆಯಷ್ಟೇ ಗೊತ್ತಿದ್ದರೆ ಸಾಲದು. ರಥದ ಮುಂದೆ 27 ದಿಂಡಿಗಳು, ಹಿಂದೆ ಅದಕ್ಕಿಂತ ಎಷ್ಟೋ ಹೆಚ್ಚು. ಒಂದೇ ಸಂಖ್ಯೆ ಎರಡೂ ಕಡೆ ಇರುತ್ತದೆ, ದಾರಿ ತಪ್ಪುವವರಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ.

ತುಳಸಿಮಾಲೆ ಹಾಕಿಕೊಳ್ಳುವ ಮನಸ್ಸಿದ್ದರೆ ಅದೂ ವಿಚಾರ ಮಾಡಿ ಆಗಬೇಕಾದ ಕೆಲಸ. 108 ಮಣಿಯ ಮಾಲೆಯನ್ನು ಅಂಗಡಿಯಿಂದ ತಂದು ತಾನೇ ಧರಿಸುವ ಪದ್ಧತಿ ಇಲ್ಲ. ಹಿರಿಯ ವಾರಕರಿಯೊಬ್ಬರು ಜ್ಞಾನೇಶ್ವರಿಯ ಗ್ರಂಥದ ಮೇಲಿಟ್ಟು ತೆಗೆದು ಕೊರಳಿಗೆ ಹಾಕುತ್ತಾರೆ. ಜೊತೆಗೆ ಬರುವ ನೇಮಗಳು: ಮಾಂಸ ಮದ್ಯ ಬಿಡುವುದು, ಪ್ರತಿ ಏಕಾದಶಿಯ ಉಪವಾಸ, ದಿನವೂ ಹರಿಪಾಠ (ಜ್ಞಾನೇಶ್ವರರ ಅಭಂಗಗಳ ಪಾರಾಯಣ), ವರ್ಷಕ್ಕೊಮ್ಮೆಯಾದರೂ ವಾರಿ. ಮಾಲೆಯಿಲ್ಲದವರನ್ನು ದಿಂಡಿ ದೂರ ಇಡುವುದಿಲ್ಲ. ಒಂದು ವಾರಿ ಮುಗಿಸಿ, ಮನೆಗೆ ಹೋಗಿ, ಒಂದಿಷ್ಟು ಏಕಾದಶಿ ಮಾಡಿ ನೋಡಿ ಆಮೇಲೆ ಮಾಲೆ ಹಾಕಿಕೊಂಡವರು ಅದನ್ನು ಉಳಿಸಿಕೊಳ್ಳುತ್ತಾರೆ.

ಒಂದನೇ ದಿನ: ಆಳಂದಿ

ಇಂದ್ರಾಯಣಿ ನದಿಯ ದಡದ ಆಳಂದಿ ಪುಣೆಯಿಂದ ಸುಮಾರು 25 ಕಿ.ಮೀ. ಜ್ಞಾನೇಶ್ವರರು 1296ರಲ್ಲಿ ಸಂಜೀವನ (ಜೀವಂತ) ಸಮಾಧಿ ಹೊಂದಿದ ಜಾಗ ಇದು. ಪಾಲಖಿಯಲ್ಲಿ ಹೋಗುವುದು ಅವರ ಬೆಳ್ಳಿಯ ಪಾದುಕೆ. ಇಂದು ಕಾಣುವ ದಿಂಡಿಗಳ ಕ್ರಮ, ಕುದುರೆ, ಚೋಪದಾರರ (ದಂಡ ಹಿಡಿದು ಶಿಸ್ತು ನೋಡುವವರ) ವ್ಯವಸ್ಥೆಯನ್ನು 1830ರ ದಶಕದ ಆರಂಭದಲ್ಲಿ ಕಟ್ಟಿದವರು ಹೈಬತಬಾಬಾ ಆರಫಳಕರ. ಗ್ವಾಲಿಯರದ ಶಿಂದೆಯವರ ದರಬಾರಿನಲ್ಲಿದ್ದವರಾದ್ದರಿಂದ ದಂಡಿನ ಶಿಸ್ತು ಅವರಿಗೆ ಗೊತ್ತಿತ್ತು. ಆ ಶಿಸ್ತನ್ನೇ ಭಜನೆಗೆ ತಂದರು.

ಕುದುರೆಗಳು ಕರ್ನಾಟಕದವು. ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರ್ಕಾರ್ ಮನೆತನದ ಎರಡು ಕುದುರೆಗಳು ಸುಮಾರು 300 ಕಿ.ಮೀ. ನಡೆದು ಆಳಂದಿಗೆ ಬರುತ್ತವೆ. ಒಂದರ ಮೇಲೆ ಜರಿಪಟಾಕ (ಜರಿಯ ಬಾವುಟ) ಹಿಡಿದ ಸವಾರ. ಇನ್ನೊಂದರ ಬೆನ್ನ ಮೇಲೆ ಯಾರೂ ಕೂರುವುದಿಲ್ಲ, ಅದರ ಮೇಲೆ ಮಾವುಲಿಯೇ ಕೂತಿದ್ದಾರೆ ಎಂಬ ಭಾವ. ಮಾವುಲಿ ಅಂದರೆ ತಾಯಿ, ಜ್ಞಾನೇಶ್ವರರನ್ನು ಕರೆಯುವುದೇ ಹಾಗೆ. ದಾರಿಯುದ್ದಕ್ಕೂ ವಾರಕರಿಗಳು ಒಬ್ಬರನ್ನೊಬ್ಬರು ಕರೆಯುವುದೂ ಅದೇ ಹೆಸರಿನಿಂದ: ಎಂಟು ವರ್ಷದ ಹುಡುಗನಿಗೂ ಮಾವುಲಿ, ಪೊಲೀಸನಿಗೂ ಮಾವುಲಿ.

ಪ್ರಸ್ಥಾನ ಇಳಿಹೊತ್ತಿನಲ್ಲಿ. ಸಮಾಧಿ ಮಂದಿರದ ಒಳಗೆ ಮಾನದ (ಪರಂಪರೆಯ ಗೌರವವಿರುವ) ದಿಂಡಿಗಳಿಗಷ್ಟೇ ಪ್ರವೇಶ, ಉಳಿದವರು ಹೊರಗೆ ನಿಂತೇ ಹಾಡಬೇಕು. ಒಳಗೆ ಹೋಗಲೇಬೇಕೆಂದು ತಳ್ಳಾಟಕ್ಕೆ ಇಳಿದರೆ ಮೊದಲ ದಿನವೇ ಕಾಲು ತುಳಿಸಿಕೊಳ್ಳುತ್ತೀರಿ. ಆ ರಾತ್ರಿ ಪಾಲಖಿ ಆಳಂದಿಯಲ್ಲೇ ಇರುತ್ತದೆ. ಬೇಗ ಮಲಗಿ.

ಎರಡು, ಮೂರನೇ ದಿನ: ಪುಣೆ

ಸುಮಾರು 29 ಕಿ.ಮೀ. ನಗರದ ದಾರಿ, ಎಲ್ಲ ಡಾಂಬರು ಇಲ್ಲವೇ ಕಾಂಕ್ರೀಟು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟ್ಯಾಂಕರಿನ ನೀರಲ್ಲಿ ಸ್ನಾನ, ಹಣೆಗೆ ಗೋಪೀಚಂದನ, ಬುಕ್ಕಾ (ಪರಿಮಳದ ಕಪ್ಪು ಪುಡಿ). ಆರರ ಹೊತ್ತಿಗೆ ಪಾಲಖಿ ಹೊರಡುತ್ತದೆ. ಸಂಚಾರಿ ಶೌಚಾಲಯದ ಮುಂದೆ ನಾಲ್ಕೂವರೆಗೆ ಸಾಲು ಬೆಳೆದಿರುತ್ತದೆ, ಹೆಣ್ಣುಮಕ್ಕಳು ಮೂರೂವರೆಗೇ ಮುಗಿಸಿಕೊಂಡರೆ ದಿನ ಸಲೀಸು.

ದಿಂಡಿಯ ಕಟ್ಟನ್ನು ಈ ದಿನ ತಿಳಿದುಕೊಳ್ಳಬೇಕು. ಎಲ್ಲಕ್ಕೂ ಮುಂದೆ ಕಾವಿ ಪತಾಕೆ ಹಿಡಿದವರು. ಅವರ ಹಿಂದೆ ಎದುರು ಬದುರು ಸಾಲಿನಲ್ಲಿ ತಾಳದವರು, ನಡುವೆ ಮೃದಂಗ, ಕೊನೆಗೆ ವೀಣೆಯವರು. ಅವರ ಹಿಂದೆ ತಲೆಯ ಮೇಲೆ ತುಳಸಿ ವೃಂದಾವನ ಹೊತ್ತ ಹೆಣ್ಣುಮಕ್ಕಳು, ಕುಡಿಯುವ ನೀರಿನ ಹಂಡೆ ಹೊತ್ತವರು. ಹೊಸಬರು ತಾಳದ ಸಾಲಿನ ಹಿಂಬದಿಯಲ್ಲಿ ನಿಲ್ಲಬೇಕು.

ತಾಳದ ಹಗ್ಗವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡರೆ ಗಂಟೆಯೊಳಗೆ ಬೆರಳು ಜುಮ್ಮೆನ್ನುತ್ತದೆ. ಹಗ್ಗ ಹೆಬ್ಬೆರಳು ತೋರುಬೆರಳ ನಡುವೆ ಸಡಿಲವಾಗಿರಲಿ, ಬಡಿತ ಮಣಿಕಟ್ಟಿನಿಂದ ಬರಲಿ. ಹೊಸಬರ ದೊಡ್ಡ ತಪ್ಪೆಂದರೆ ಉತ್ಸಾಹಕ್ಕೆ ಲಯ ಏರಿಸುವುದು. ಒಬ್ಬ ಏರಿಸಿದರೆ ಸಾಲೇ ಏರುತ್ತದೆ, ಹೆಜ್ಜೆ ಓಡುತ್ತದೆ, ಹಿಂದಿನ ಅಜ್ಜಿಯರು ಹಿಂದೆಯೇ ಉಳಿಯುತ್ತಾರೆ. ಕಣ್ಣು ಮೃದಂಗದವನ ಕೈ ಮೇಲಿರಲಿ.

ಮರಾಠಿ ಬರದ ಕನ್ನಡಿಗರಿಗೆ ಅಭಂಗ ಹೇಗೆ ಎಂಬ ಅಂಜಿಕೆ ಸಹಜ. ಮುಂದಿನವರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನೇ ಹೇಳುತ್ತಾರೆ. ಮೊದಲ ಮೂರು ದಿನ ಧ್ರುವಪದ ಮಾತ್ರ ಹಿಡಿಯಿರಿ, ಸಾಸವಡದ ನಂತರ ಪೂರ್ತಿ ಸಾಲಿಗೆ ಹೋಗಿ. ಹರಿಪಾಠದ 27 ಅಭಂಗಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಬಂದರೆ ಬಹಳ ಅನುಕೂಲ. ದಿನಕ್ಕೊಂದು ಕ್ರಮವಿದೆ: ಮಂಗಲಾಚರಣ, ಕಾಕಡ, ಭೂಪಾಳಿ (ನಸುಕಿನ ಆರತಿ, ದೇವರನ್ನು ಎಬ್ಬಿಸುವ ಪದ), ಮುಂದೆ ಗೌಳಣಿ (ಗೋಪಿಯರ ಪದ), ಮಧ್ಯಾಹ್ನದ ಮೇಲೆ ಆಯಾ ವಾರದ ಅಭಂಗ, ಸಂಜೆಗೆ ಹರಿಪಾಠ. ಇಂದು ಯಾವುದು ಹಾಡೋಣ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ತನಗಿಷ್ಟವಾದದ್ದನ್ನು ಹಾಡುವ ಆಸೆ ಬಿಡುವುದು ಈ ಸಾಧನೆಯ ಮೊದಲ ಪಾಠ, ಅದು ಕಷ್ಟದ ಪಾಠವೂ ಹೌದು.

ಪುಣೆಯಲ್ಲಿ ಭವಾನಿ ಪೇಠೆಯ ಪಾಲಖಿ ವಿಠೋಬಾ ಮಂದಿರದಲ್ಲಿ ಎರಡು ರಾತ್ರಿ. ದೇಹುವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿಯೂ ಅದೇ ದಿನ ನಗರಕ್ಕೆ ಬರುತ್ತದೆ, ಆಮೇಲೆ ಅದರ ದಾರಿ ಬೇರೆ. ಬಿಡುವಿನ ದಿನ ಊರು ಸುತ್ತಬೇಡಿ. ಬೊಬ್ಬೆ ನೋಡಿಕೊಳ್ಳಿ: ಸಾಬೂನಿನಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ನೀರು ಒತ್ತಿ ತೆಗೆದು, ಮೇಲಿನ ಚರ್ಮ ಕೀಳದೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿ. ಚರ್ಮ ಕಿತ್ತರೆ ಕೀವಾಗುವ ಭಯವಿದೆ. ಸಕ್ಕರೆ ಕಾಯಿಲೆ ಇದ್ದವರು ಸೂಜಿ ಮುಟ್ಟದೆ ದಾರಿಯ ವೈದ್ಯಕೀಯ ಡೇರೆಗೆ ಹೋಗಬೇಕು.

ನಾಲ್ಕನೇ ದಿನ: ದಿವೇ ಘಾಟು, ಸಾಸವಡ

ವಾರಿಯ ಅತಿ ಕಷ್ಟದ ದಿನ. ಸುಮಾರು 32 ಕಿ.ಮೀ., ಅದರಲ್ಲಿ ದಿವೇ ಘಾಟಿನ ಸುಮಾರು 4 ಕಿ.ಮೀ. ಏರು. ಸಾಲದ್ದಕ್ಕೆ ಅಷ್ಟಮಿಯಿಂದ ಎಣಿಸಿದರೆ ಈ ದಿನಕ್ಕೆ ಸಾಮಾನ್ಯವಾಗಿ ಬಹುಳ ಏಕಾದಶಿ ಬೀಳುತ್ತದೆ, ಅಂದರೆ ಉಪವಾಸ.

ಉಪವಾಸದ ಹೆಸರಲ್ಲಿ ನೀರನ್ನೂ ಬಿಟ್ಟವರು ಘಾಟಿನ ಅರ್ಧಕ್ಕೆ ಕುಸಿಯುತ್ತಾರೆ. ವಾರಕರಿ ಪದ್ಧತಿಯಲ್ಲಿ ಅನ್ನ, ಧಾನ್ಯ ಬಿಡುವುದು ಮುಖ್ಯ, ನಿರ್ಜಲ ಎಂಬ ಕಟ್ಟಿಲ್ಲ. ಹೊರಡುವ ಮೊದಲು ಸಾಬೂದಾಣಿ ಖಿಚಡಿ, ದಾರಿಯಲ್ಲಿ ಬಾಳೆಹಣ್ಣು, ಶೇಂಗಾ, ರತಾಳು (ಗೆಣಸು). ಘಾಟಿನ ಬುಡದಲ್ಲಿ ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕರಗಿಸಿ ಗುಟುಕು ಗುಟುಕಾಗಿ ಕುಡಿಯಿರಿ. ಪೊಟ್ಟಣ ಮುಗಿದಿದ್ದರೆ ಲೀಟರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ತೊಡೆಸಂದಿಗೆ ಬೆಳಿಗ್ಗೆಯೇ ವ್ಯಾಸಲಿನ್ ಇಲ್ಲವೇ ಕೊಬ್ಬರಿ ಎಣ್ಣೆ ಹಚ್ಚಿರಬೇಕು. ಉರಿ ಶುರುವಾದ ಮೇಲೆ ಹಚ್ಚಿ ಉಪಯೋಗ ಕಡಿಮೆ.

ರಥದ ಎತ್ತುಗಳಿಗೂ ಇದು ಕಷ್ಟದ ದಾರಿ. ಘಾಟಿನಲ್ಲಿ ಹೆಚ್ಚಿನ ಜೋಡಿ ಎತ್ತು ಕಟ್ಟುತ್ತಾರೆ. ಏರಿನಲ್ಲಿ ರಥದ ಹತ್ತಿರ ನಡೆಯಲು ಹೋಗಬೇಡಿ, ಅಲ್ಲಿಯೇ ನೂಕುನುಗ್ಗಲು. ಹಾಡುತ್ತ ಏರುವುದು ಹಾಡದೆ ಏರುವುದಕ್ಕಿಂತ ಹಗುರ ಎಂದು ಹಿರಿಯರು ಹೇಳುವುದಕ್ಕೆ ಕಾರಣವಿದೆ. ಸಾಲು ಮುಗಿಸಿ ಉಸಿರು, ಮತ್ತೆ ಸಾಲು, ಹೀಗೆ ಉಸಿರಾಟ ತಾನಾಗಿ ಲಯಕ್ಕೆ ಬರುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಏರಿನಲ್ಲಿ ಬೇಕಾದದ್ದು ಅಷ್ಟೇ.

ಮೃದಂಗದವರ ಕೆಲಸವನ್ನು ಹತ್ತಿರದಿಂದ ನೋಡಬೇಕಾದರೆ ಘಾಟಿನ ಮೇಲಿನ ವಿಶ್ರಾಂತಿಯಲ್ಲಿ ನೋಡಿ. ಎಡಮುಖಕ್ಕೆ ಅಂಟಿಸಿದ ಗೋಧಿಹಿಟ್ಟಿನ ಕಣಕ ಬಿಸಿಲಿಗೆ ಒಣಗಿ ಅಂಚಿನಲ್ಲಿ ಬಿರುಕು ಬಿಟ್ಟಿರುತ್ತದೆ. ಹಳೆಯದನ್ನು ಉಗುರಿನಿಂದ ಕೆರೆದು, ಒದ್ದೆ ಕೈಯಲ್ಲಿ ಒರೆಸಿ, ನಿಂಬೆಹಣ್ಣಿನಷ್ಟು ಹೊಸ ಕಣಕವನ್ನು ನಡುವೆ ಇಟ್ಟು ಹೆಬ್ಬೆರಳಿಂದ ಸುತ್ತಲೂ ತಟ್ಟುತ್ತಾರೆ. ತಟ್ಟಿ ತಟ್ಟಿ ಕೇಳುತ್ತಾರೆ, ಚೂರು ತೆಗೆಯುತ್ತಾರೆ, ಮತ್ತೆ ಕೇಳುತ್ತಾರೆ. ಮಳೆ ಬಂದರೆ ತೊಂದರೆ ತಿರುಗಾಮುರುಗಾ: ಕಣಕ ಜಾರುತ್ತದೆ, ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಆಗ ಹಾಡುವವರೇ ಸ್ವರ ಇಳಿಸಿಕೊಳ್ಳುತ್ತಾರೆ.

ಐದನೇ ದಿನ ಸಾಸವಡದಲ್ಲೇ ಮುಕ್ಕಾಮು. ಜ್ಞಾನೇಶ್ವರರ ತಮ್ಮ ಸೋಪಾನದೇವರ ಸಮಾಧಿ ಇಲ್ಲಿದೆ. ಅವರ ಪಾಲಖಿಯೂ ಇಲ್ಲಿಂದಲೇ ಬೇರೆ ದಾರಿ ಹಿಡಿದು ಹೊರಡುತ್ತದೆ.

ಆರು, ಏಳನೇ ದಿನ: ಜೇಜುರಿ, ವಾಲ್ಹೆ

ಸಾಸವಡದಿಂದ ಜೇಜುರಿ 16 ಕಿ.ಮೀ., ಜೇಜುರಿಯಿಂದ ವಾಲ್ಹೆ 12 ಕಿ.ಮೀ. ಜೇಜುರಿ ಖಂಡೋಬನ ಊರು, ನಮ್ಮ ಕಡೆಯ ಮೈಲಾರಲಿಂಗನ ಭಕ್ತರಿಗೆ ಪರಿಚಯ ಬೇಕಿಲ್ಲ. ಪಾಲಖಿ ಊರೊಳಗೆ ಬಂದಾಗ ಜನ ಭಂಡಾರ ಎರಚುತ್ತಾರೆ. ಶೈವ ಕ್ಷೇತ್ರ ವೈಷ್ಣವ ಪಾಲಖಿಯನ್ನು ಹಳದಿಯಲ್ಲಿ ಮುಳುಗಿಸಿ ಬರಮಾಡಿಕೊಳ್ಳುವ ಈ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳಿ, ಅರಿಶಿನದ ಪುಡಿ ಕಣ್ಣಿಗೆ ಬಿದ್ದರೆ ಸಂಜೆವರೆಗೂ ಉರಿ. ಗಡ (ಖಂಡೋಬನ ಗುಡ್ಡ) ಹತ್ತಿ ದರ್ಶನ ಮಾಡಿ ಬರುತ್ತೇವೆಂದು ಹೋದವರು ಸಂಜೆಯ ಸಮಾಜ ಆರತಿ ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳಬಾರದು.

ಸಮಾಜ ಆರತಿಯ ಬಗ್ಗೆ ವಿವರವಾಗಿಯೇ ಹೇಳಬೇಕು, ವಾರಿಯ ಜೀವ ಇಲ್ಲಿದೆ. ಮುಕ್ಕಾಮಿನ ಬಯಲನ್ನು ತಳ ಅನ್ನುತ್ತಾರೆ. ಪಾಲಖಿ ತಳಕ್ಕೆ ಬಂದಾಗ ಎಲ್ಲ ದಿಂಡಿಗಳೂ ಅದರ ಸುತ್ತ ನಿಂತು ತಾಳ ಬಾರಿಸುತ್ತಿರುತ್ತವೆ. ಸಾವಿರಾರು ತಾಳಗಳ ಸದ್ದು, ಪಕ್ಕದವರ ಮಾತು ಕೇಳುವುದಿಲ್ಲ. ಚೋಪದಾರರು ಬೆಳ್ಳಿಯ ದಂಡವನ್ನು ಮೇಲೆತ್ತುತ್ತಾರೆ. ಎತ್ತಿದ ಗಳಿಗೆಯಲ್ಲಿ ಅಷ್ಟೂ ತಾಳ ನಿಲ್ಲುತ್ತವೆ. ಯಾವುದಾದರೂ ದಿಂಡಿಗೆ ಅಹವಾಲು ಇದ್ದರೆ ಆ ದಿಂಡಿ ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರು ಅಲ್ಲಿಗೆ ಹೋಗಿ ಕೇಳುತ್ತಾರೆ: ನೀರಿನ ಟ್ಯಾಂಕರು ಬರಲಿಲ್ಲವೋ, ಇನ್ನೊಂದು ದಿಂಡಿ ಸಾಲಿನೊಳಗೆ ನುಗ್ಗಿತೋ. ಅಲ್ಲಿಯೇ ತೀರ್ಮಾನ ಹೇಳುತ್ತಾರೆ, ಎಲ್ಲರೂ ಒಪ್ಪುತ್ತಾರೆ. ಆಮೇಲೆ ಕಳೆದುಹೋದ, ಸಿಕ್ಕ ವಸ್ತುಗಳ ಘೋಷಣೆ, ಮರುದಿನ ಹೊರಡುವ ಹೊತ್ತು, ಕೊನೆಗೆ ಆರತಿ. ಲಾಠಿ ಇಲ್ಲ, ಲಿಖಿತ ನಿಯಮ ಓದಿ ಹೇಳುವುದಿಲ್ಲ, ದಂಡ ಮೇಲೆದ್ದರೆ ಸಾಕು. ಸಿಟ್ಟನ್ನು ಜಗಳ ಮಾಡದೆ ತಾಳದಲ್ಲಿ ಹೇಳಿ, ತೀರ್ಪು ಬಂದ ಮೇಲೆ ಮನಸ್ಸಿನಿಂದ ತೆಗೆದುಹಾಕುವ ರೂಢಿ ಇದು. ದಿನವೂ ನೋಡಿದವರಿಗೆ ಸ್ವಲ್ಪವಾದರೂ ಹತ್ತುತ್ತದೆ.

ಎಂಟು, ಒಂಬತ್ತನೇ ದಿನ: ನೀರಾ ಸ್ನಾನ, ಲೋಣಂದ

ಸುಮಾರು 20 ಕಿ.ಮೀ. ನೀರಾ ನದಿ ದಾಟಿದರೆ ಪುಣೆ ಜಿಲ್ಲೆ ಮುಗಿದು ಸಾತಾರಾ ಜಿಲ್ಲೆ. ಪಾದುಕೆಗಳಿಗೆ ನೀರಾದಲ್ಲಿ ಸ್ನಾನ. ಮಳೆಗಾಲದ ನದಿ, ಆಳಕ್ಕೆ ಇಳಿಯಬೇಡಿ, ದಡದಲ್ಲಿ ತಂಬಿಗೆಯಿಂದ ತಲೆಗೆ ಸುರಿದುಕೊಂಡರೂ ಸ್ನಾನವೇ. ಲೋಣಂದದಲ್ಲಿ ಬಿಡುವು: ಬಟ್ಟೆ ಒಗೆಯುವ, ಚಪ್ಪಲಿ ಹೊಲಿಸುವ, ಮನೆಗೆ ಫೋನು ಮಾಡುವ ದಿನ. ಹೊಟ್ಟೆ ಕೆಡುವುದೂ ಸಾಮಾನ್ಯವಾಗಿ ಈ ಹೊತ್ತಿಗೆ. ದಾರಿಯಲ್ಲಿ ಊರೂರಿನವರು ಪ್ರೀತಿಯಿಂದ ಕೊಡುವ ಕತ್ತರಿಸಿದ ಹಣ್ಣು, ಮಜ್ಜಿಗೆ, ಮಿಠಾಯಿ ಎಲ್ಲವನ್ನೂ ತಿನ್ನಲು ಹೋದರೆ ಹಾಗಾಗುತ್ತದೆ. ಕೊಟ್ಟವರಿಗೆ ಕೈಮುಗಿದು ಸಿಪ್ಪೆಯ ಹಣ್ಣು, ಬಿಸಿ ಚಹಾ ತಗೊಳ್ಳಿ, ಉಳಿದದ್ದು ಬೇಡವೆಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಊಟ ದಿಂಡಿಯದೇ ಆಗಲಿ: ಝುಣಕ, ಭಕ್ರಿ, ಆಮಟಿ, ಅನ್ನ.

ದಿಂಡಿಯ ಊಟದಲ್ಲೂ ಒಂದು ನೇಮ. ಉಂಡವರು ಮುಂದಿನ ಪಂಕ್ತಿಗೆ ಬಡಿಸಬೇಕು. ಊರಲ್ಲಿ ಮಾಸ್ತರರು, ವ್ಯಾಪಾರಿ, ರೈತ ಯಾರೇ ಆಗಿರಲಿ, ಇಲ್ಲಿ ಸೌಟು ಹಿಡಿಯಬೇಕು, ಪಾತ್ರೆ ತಿಕ್ಕಬೇಕು. ಇದನ್ನು ತಪ್ಪಿಸಿಕೊಂಡು ಬರೀ ಹಾಡಲು ಬಂದವರ ವಾರಿ ಅರ್ಧವಾರಿ.

ಹತ್ತನೇ ದಿನ: ತರಡಗಾಂವ

ಕೇವಲ 8 ಕಿ.ಮೀ., ಆದರೆ ದಾರಿಯಲ್ಲಿ ಚಾಂದೋಬಾಚಾ ಲಿಂಬ ಎಂಬಲ್ಲಿ ಮೊದಲ ಉಭೆ ರಿಂಗಣ (ನೇರ ಸಾಲಿನ ನಡುವೆ ಕುದುರೆ ಓಡುವ ಆಚರಣೆ). ರಸ್ತೆಯ ಎರಡೂ ಬದಿಗೆ ದಿಂಡಿಗಳು ನಿಂತು ನಡುವೆ ಓಣಿ ಬಿಡುತ್ತವೆ. ಕುದುರೆಗಳು ಆ ಓಣಿಯಲ್ಲಿ ಓಡಿ ರಥದವರೆಗೆ ಹೋಗಿ ತಿರುಗಿ ಬರುತ್ತವೆ. ಕುದುರೆ ಹಾದ ಮೇಲೆ ಅದರ ಗೊರಸಿನ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ. ಎರಡನೇ ಕುದುರೆ ಹೋಗುವವರೆಗೂ ಬಗ್ಗಬೇಡಿ. ಮೊದಲನೆಯದು ದಾಟಿತೆಂದು ಬಗ್ಗಿದವರಿಗೇ ಪೆಟ್ಟು ಬೀಳುವುದು. ಮೊಬೈಲು ಎತ್ತಿ ಹಿಡಿದು ಓಣಿಯೊಳಗೆ ಕೈ ಚಾಚುವುದಂತೂ ಬೇಡವೇ ಬೇಡ, ಕುದುರೆ ಬೆದರುತ್ತದೆ.

ಹನ್ನೊಂದರಿಂದ ಹದಿಮೂರನೇ ದಿನ: ಫಲಟಣ, ಬರಡ, ನಾತೆಪುತೆ

21, 18, 21 ಕಿ.ಮೀ. ಬಯಲುಸೀಮೆಯ ದಾರಿ, ಮಳೆ ಕಡಿಮೆ, ನೆರಳು ಇನ್ನೂ ಕಡಿಮೆ. ಧರ್ಮಪುರಿಯ ಬಳಿ ಸೋಲಾಪುರ ಜಿಲ್ಲೆ ಶುರು. ನೋಡುವುದಕ್ಕೆ ಹೆಚ್ಚೇನಿಲ್ಲ. ಮೊದಲ ವಾರದ ಹುರುಪು ಇಳಿದು, ಗುರಿ ಇನ್ನೂ ಹತ್ತಿರವಾಗದ ಈ ಮೂರು ದಿನಗಳಲ್ಲಿ ಮನಸ್ಸು ಮುನಿಯುತ್ತದೆ. ಡೇರೆಯಲ್ಲಿ ಗೊರಕೆ, ಸ್ನಾನದ ನೀರಿಗೆ ಜಗಳ, ಬಟ್ಟೆ ಒಣಗಿಲ್ಲ, ಮುಂದಿನವರ ಶ್ರುತಿ ಸರಿಯಿಲ್ಲ. ವಾರಿ ಬಿಟ್ಟು ಬಸ್ಸು ಹತ್ತುವವರು ಇಲ್ಲಿಯೇ ಹತ್ತುತ್ತಾರೆ.

ಹಿರಿಯ ವಾರಕರಿಗಳು ಇದಕ್ಕೆ ಹೇಳುವ ಉಪಾಯ ಬಹಳ ಸರಳ. ಯಾರ ಮೇಲೆ ಸಿಟ್ಟು ಬಂದಿದೆಯೋ ಅವರ ಕಾಲಿಗೆ ನಮಸ್ಕರಿಸುವುದು. ಇಲ್ಲಿ ಅದು ವಿಚಿತ್ರವಾಗಿ ಕಾಣುವುದಿಲ್ಲ, ಏಕೆಂದರೆ ದಿನಕ್ಕೆ ಹತ್ತಾರು ಸಲ ಎಲ್ಲರೂ ಎಲ್ಲರ ಕಾಲಿಗೂ ಬಗ್ಗುತ್ತಿರುತ್ತಾರೆ. ವೀಣೆ ಕೈ ಬದಲಾಯಿಸುವಾಗ ಗಮನಿಸಿ. ದಿಂಡಿ ನಡೆಯುತ್ತಿರುವಾಗ ವೀಣೆಯನ್ನು ನೆಲಕ್ಕಿಡುವಂತಿಲ್ಲ. ದಣಿದ ವೀಣೆಯವರು ಇನ್ನೊಬ್ಬರ ಕೊರಳಿಗೆ ಪಟ್ಟಿ ಹಾಕಿ ಅವರ ಕಾಲು ಮುಟ್ಟುತ್ತಾರೆ. ತೆಗೆದುಕೊಂಡವರು, ಮೀಟುತ್ತಿರುವ ಬೆರಳು ನಿಲ್ಲಿಸದೆ, ಇನ್ನೊಂದು ಕೈಯಿಂದ ಕೊಟ್ಟವರ ಕಾಲು ಮುಟ್ಟುತ್ತಾರೆ. ಎಪ್ಪತ್ತರ ಹಿರಿಯರು ಇಪ್ಪತ್ತರ ಹುಡುಗನಿಗೆ ಹೀಗೆ ಬಗ್ಗುತ್ತಾರೆ. ಮೊದಮೊದಲು ಹುಡುಗರು ಹಿಂದೆ ಸರಿಯುತ್ತಾರೆ. ಸರಿಯಬಾರದು, ತಾವೂ ಬಗ್ಗಬೇಕು ಎಂದು ಯಾರಾದರೂ ಮೆಲ್ಲಗೆ ಹೇಳಿಕೊಡುತ್ತಾರೆ.

ಈ ದಿನಗಳಲ್ಲಿ ಗಂಟಲು ಕಟ್ಟುವುದೂ ಇದೆ. ಬಿಸಿನೀರು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಎರಡು ದಿನ ಮನಸ್ಸಿನಲ್ಲೇ ಹಾಡುವುದು. ತಾಳ ಬಿಡಬೇಡಿ.

ಹದಿನಾಲ್ಕರಿಂದ ಹದಿನಾರನೇ ದಿನ: ಮಾಳಶಿರಸ, ವೇಳಾಪುರ, ಭಂಡಿಶೇಗಾಂವ

ಮತ್ತೆ 18, 19, 21 ಕಿ.ಮೀ. ಆದರೆ ಈಗ ಕಾಲು ಪಳಗಿದೆ, ಪ್ರತಿದಿನವೂ ಒಂದು ಗೋಲ್ (ದುಂಡು) ರಿಂಗಣ: ಪುರಂದಾವಡೆಯ ಬಯಲಲ್ಲಿ, ಖುಡೂಸ ಫಾಟಾದಲ್ಲಿ, ಠಾಕೂರಬುವಾ ಸಮಾಧಿಯ ಬಳಿ. ದೊಡ್ಡ ಬಯಲಿನ ನಡುವೆ ಪಾಲಖಿ, ಸುತ್ತ ದಿಂಡಿಗಳು, ಹೊರಗೆ ಓಡುವ ಸುತ್ತುದಾರಿ. ಮೊದಲು ಪತಾಕೆಯವರು, ಆಮೇಲೆ ತುಳಸಿ ಹೊತ್ತ ಹೆಣ್ಣುಮಕ್ಕಳು, ವೀಣೆಯವರು ಓಡುತ್ತಾರೆ, ಕೊನೆಗೆ ಕುದುರೆಗಳು. ವೃಂದಾವನ ತಲೆಯ ಮೇಲಿಟ್ಟು ಒಂದು ಕೈಯಲ್ಲಿ ಹಿಡಿದು ಅರವತ್ತು ದಾಟಿದ ಅಜ್ಜಿಯರು ಓಡುತ್ತಾರೆ. ಜಾಗ ಹಿಡಿಯಬೇಕಾದರೆ ಎರಡು ಗಂಟೆ ಮುಂಚೆ ಹೋಗಿ, ದಿಂಡಿಯ ಜೊತೆಗೇ ನಿಲ್ಲಿ. ಅಲ್ಲಿ ಫೋನಿನ ಸಿಗ್ನಲ್ ಸಿಗುವುದಿಲ್ಲವೆಂದೇ ತಿಳಿದು, ತಪ್ಪಿಸಿಕೊಂಡರೆ ನೇರ ರಾತ್ರಿಯ ಲಾರಿಗೇ ಬನ್ನಿ ಎಂದು ಮೊದಲೇ ಮಾತಾಡಿಕೊಂಡಿರಬೇಕು.

ರಿಂಗಣ ಮುಗಿದ ಮೇಲೆ ಉಡಿಯ ಆಟ (ಮರಾಠಿಯಲ್ಲಿ ಉಡಿ ಅಂದರೆ ಜಿಗಿತ), ಫುಗಡಿ (ಕೈ ಹಿಡಿದು ಸುತ್ತುವ ಆಟ), ಪಾವಲಿ (ತಾಳಕ್ಕೆ ಹೆಜ್ಜೆ ಹಾಕುವ ಕುಣಿತ). ಪಾವಲಿಯಲ್ಲಿ ಹಲವು ಬಗೆ. ಸರಳವಾದದ್ದರಲ್ಲಿ ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ತಾಳದ ಬಡಿತಕ್ಕೆ ಮೊಣಕಾಲು ಸ್ವಲ್ಪ ಬಗ್ಗಿಸಿ. ಪೂರ್ತಿ ಅಂಗಾಲು ಊರಬೇಕು, ತುದಿಗಾಲಲ್ಲಿ ಕುಣಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ವೇಳಾಪುರದ ಮೊದಲು ಧಾವಾ: ಇಳಿಜಾರಿನಲ್ಲಿ ಎಲ್ಲರೂ ಓಡುತ್ತಾರೆ. ಮೊಣಕಾಲು ನೋವಿದ್ದವರು ಅಂಚಿಗೆ ಸರಿದು ನಡೆದೇ ಇಳಿಯಲಿ.

ಭಂಡಿಶೇಗಾಂವದ ದಾರಿಯಲ್ಲಿ ಸೋಪಾನದೇವರ ಪಾಲಖಿ ಬಂದು ಸೇರುತ್ತದೆ. ಬಂಧುಭೇಟಿ. ಅಣ್ಣ ತಮ್ಮಂದಿರ ರಥಗಳು ಎದುರಾಗಿ ತೆಂಗಿನಕಾಯಿ ಕೊಟ್ಟು ತೆಗೆದುಕೊಳ್ಳುತ್ತವೆ.

ಹದಿನೇಳು, ಹದಿನೆಂಟನೇ ದಿನ: ವಾಖರಿ, ಪಂಢರಪುರ

ಭಂಡಿಶೇಗಾಂವದಿಂದ ವಾಖರಿ 10 ಕಿ.ಮೀ.; ನಡುವೆ ಬಾಜೀರಾವ ಬಾವಿಯ ಬಳಿ ರಿಂಗಣ. ಮಹಾರಾಷ್ಟ್ರದ ಬೇರೆ ಬೇರೆ ಕಡೆಯಿಂದ ಹೊರಟ ಸಂತರ ಪಾಲಖಿಗಳು ವಾಖರಿಯಲ್ಲಿ ಕೂಡುತ್ತವೆ. ಪಂಢರಪುರದಿಂದ ನಾಮದೇವರ ಪಾಲಖಿ ಎದುರುಗೊಳ್ಳಲು ಬರುತ್ತದೆ. ದಶಮಿಯ ದಿನ ಎಲ್ಲ ಪಾಲಖಿಗಳು ಮುಂದೆ ಹೋಗಿ, ಜ್ಞಾನೇಶ್ವರರದು ಕೊನೆಗೆ. ಹೋಗುವ ದಾರಿ ಚಿಕ್ಕದು, ಹಿಡಿಯುವ ಹೊತ್ತು ಬಹಳ. ಮಧ್ಯಾಹ್ನ ಹೊರಟರೂ ರಾತ್ರಿಯಾಗುತ್ತದೆ, ಹೊಟ್ಟೆಗೆ ತಿಂದೇ ಹೊರಡಿ. ಇಸಬಾವಿಯಲ್ಲಿ ಪಾದುಕೆಗಳನ್ನು ಶಿತೋಳೆ ಸರ್ಕಾರ್ ಮನೆತನದವರ ಕೊರಳಿಗೆ ಹಾಕುತ್ತಾರೆ, ಅಲ್ಲಿಂದ ಮುಂದೆ ಅಂಕಲಿಯವರೇ ಮಾವುಲಿಯನ್ನು ಹೊತ್ತು ಊರೊಳಗೆ ಕರೆತರುತ್ತಾರೆ. ಜ್ಞಾನೇಶ್ವರರು ತಮ್ಮ ಅಭಂಗದಲ್ಲಿ ವಿಠ್ಠಲನನ್ನು ಕಾನಡಾ (ಕನ್ನಡದವನು) ಎಂದು ಕರೆದಿದ್ದಾರೆ, ನಮ್ಮ ಹರಿದಾಸರ ಅಂಕಿತಗಳಲ್ಲೂ ಅವನೇ ನಿಂತಿದ್ದಾನೆ. ಈ ದಾರಿಯಲ್ಲಿ ಕನ್ನಡಿಗರು ಹೊರಗಿನವರಲ್ಲ.

ಏಕಾದಶಿ, ಮತ್ತು ಆಮೇಲೆ

ಚಂದ್ರಭಾಗಾ ನದಿಯ ಸ್ನಾನ ನಸುಕಿನ ಮೂರಕ್ಕೇ ಮುಗಿಸಿ. ಆಮೇಲೆ ದಿಂಡಿಯೊಂದಿಗೆ ನಗರ ಪ್ರದಕ್ಷಿಣೆ. ಗರ್ಭಗುಡಿಗೆ ಹೋಗಿ ಪಾದ ಮುಟ್ಟುವ ಸಾಲು ಈ ದಿನ ಇಡೀ ಹಗಲು ರಾತ್ರಿ ಹಿಡಿಯಬಹುದು. ಮುಖದರ್ಶನದ ಸಾಲು ಬೇರೆ, ಅದು ಬೇಗ ಸರಿಯುತ್ತದೆ. ವಾರಕರಿಗಳಲ್ಲಿ ಬಹಳ ಮಂದಿ ಎರಡಕ್ಕೂ ನಿಲ್ಲದೆ ಶಿಖರದ ಕಳಸಕ್ಕೆ ಕೈಮುಗಿದು, ನಾಮದೇವರ ಪಾಯರಿಗೆ ಹಣೆ ಹಚ್ಚಿ ತಿರುಗುತ್ತಾರೆ. ಆ ಮೆಟ್ಟಿಲಿನ ಎದುರಿಗೇ ಸಂತ ಚೋಖಾಮೇಳರ ಸಮಾಧಿ. ದಲಿತರಿಗೆ ಒಳಗೆ ಪ್ರವೇಶವಿಲ್ಲದ ಕಾಲದಲ್ಲಿ ಚೋಖಾಮೇಳರು ಹೊರಗೆ ನಿಂತೇ ಹಾಡಿದರು. ಆ ಬಾಗಿಲು ಎಲ್ಲರಿಗೂ ತೆರೆಯಲೆಂದು ಮರಾಠಿ ಲೇಖಕ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿ 1947ರ ಮೇ ತಿಂಗಳಲ್ಲಿ ಇದೇ ಊರಿನಲ್ಲಿ ಉಪವಾಸ ಕೂತರು, ಬಾಗಿಲು ತೆರೆಯಿತು. ಸಾಲಿನಲ್ಲಿ ಎಲ್ಲರೂ ಎಲ್ಲರ ಕಾಲಿಗೆ ಬಗ್ಗುತ್ತ ಬಂದವರು ಈ ಎರಡು ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು.

ದ್ವಾದಶಿಯ ಬೆಳಿಗ್ಗೆ ಪಾರಣೆ. ಎರಡು ವಾರ ದಣಿದ ಹೊಟ್ಟೆಗೆ ಒಮ್ಮೆಲೇ ಪೂರಣಪೋಳಿ ತುರುಕದೆ ಮೊದಲು ಅನ್ನ, ತೊವ್ವೆ. ಹೆಚ್ಚಿನವರು ಅಂದೇ ಊರಿನ ಬಸ್ಸು ಹಿಡಿಯುತ್ತಾರೆ. ನಿಲ್ದಾಣ ತುಂಬಿ ತುಳುಕುತ್ತದೆ, ವಿಜಯಪುರ, ಕಲಬುರಗಿ ಕಡೆಯವರು ಸೋಲಾಪುರಕ್ಕೆ ಬಂದು ಅಲ್ಲಿಂದ ರೈಲು ಹಿಡಿದರೆ ಸಲೀಸು. ಸಾಧ್ಯವಿದ್ದರೆ ಹುಣ್ಣಿಮೆಯವರೆಗೆ ಉಳಿದು ಗೋಪಾಳಪುರದ ಗೋಪಾಳಕಾಲಾ ಮುಗಿಸಿ. ಹುಳಿ ಮೊಸರು, ಅರಳು, ಅವಲಕ್ಕಿ ಕಲೆಸಿದ ಕಾಲಾವನ್ನು ಒಬ್ಬರ ಬಾಯಿಗೆ ಇನ್ನೊಬ್ಬರು ಹಾಕುತ್ತಾರೆ. ವಾರಿ ಪೂರ್ತಿಯಾಗುವುದು ಅಲ್ಲಿ.

ಪಾಲಖಿ ಅದೇ ದಿನ ಆಳಂದಿಗೆ ಮರಳಿ ನಡೆಯತೊಡಗುತ್ತದೆ. ಹೋಗುವಾಗ ಹದಿನೆಂಟು ದಿನ ತೆಗೆದುಕೊಂಡ ದಾರಿಯನ್ನು ಬರುವಾಗ ಹತ್ತು ಹನ್ನೊಂದು ದಿನದಲ್ಲಿ ಮುಗಿಸಿ, ಆಷಾಢ ಬಹುಳ ಏಕಾದಶಿಯ ಹೊತ್ತಿಗೆ ಆಳಂದಿ ಸೇರುತ್ತದೆ. ದಿನದ ನಡಿಗೆ ಹೆಚ್ಚು, ಜೊತೆಗಿರುವ ಜನ ಬಹಳ ಕಡಿಮೆ, ಬಡಿಸುವವರು, ಟ್ಯಾಂಕರು, ವೈದ್ಯರ ಡೇರೆ ಅಪರೂಪ. ಎರಡು ಮೂರು ವಾರಿ ಮಾಡಿದವರು, ಅಭಂಗದ ಚಾಲು (ಧಾಟಿ), ತಾಳದ ಸೂಕ್ಷ್ಮ ಸರಿಯಾಗಿ ಕಲಿಯಬೇಕೆನ್ನುವವರು ಈ ಮರಳಿ ವಾರಿಗೆ ಹೋಗಬೇಕು. ಹಿರಿಯರ ಪಕ್ಕದಲ್ಲೇ ನಡೆಯಲು, ನಿಲ್ಲಿಸಿ ಕೇಳಲು ಆಗ ಜಾಗ ಸಿಗುತ್ತದೆ. ಸಾಮಾನಿನ ಲಾರಿ ಇದೆಯೋ ಇಲ್ಲವೋ ದಿಂಡಿಯವರನ್ನು ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಹೊದಿಕೆಯೂ ಸೇರಿ ನಾಲ್ಕು ಕಿಲೋ ಮೀರದಂತೆ ಚೀಲ ಕಟ್ಟಬೇಕು.